ತಾಯಿಯ ನಿನ್ನೆ ಹೇಗಿತ್ತು? ಶಾರ್ಜಾದ ಮನೆಗಳಲ್ಲಿ ಕುಟುಂಬ ಸಂದರ್ಶನ ನಡೆಸಿದ ಅನುಭವ

ಬೌದ್ಧಿಕ ವೈಕಲ್ಯವಿರುವ ಮಗುವಿನ ಕಡತದಲ್ಲಿ ಮಗುವಿನ ಬಗ್ಗೆ ಎಲ್ಲವೂ ಇರುತ್ತದೆ: ಎಷ್ಟನೇ ತಿಂಗಳಲ್ಲಿ ಕತ್ತು ನಿಂತಿತು, ಯಾವಾಗ ಅಂಬೆಗಾಲಿಟ್ಟಿತು, ಬುದ್ಧಿಲಬ್ಧ ಎಷ್ಟು, ಎಷ್ಟು ಪದ ಆಡುತ್ತದೆ, ಚಮಚ ಹಿಡಿಯಲು ಬರುತ್ತದೆಯೇ. ಅದೇ ಮಗುವನ್ನು ದಿನವಿಡೀ ನೋಡಿಕೊಳ್ಳುವ ತಾಯಿ ರಾತ್ರಿ ಎಷ್ಟು ಹೊತ್ತು ಮಲಗುತ್ತಾಳೆ, ಕೊನೆಯ ಸಲ ಒಬ್ಬಳೇ ಮನೆಯಿಂದ ಹೊರಗೆ ಕಾಲಿಟ್ಟದ್ದು ಯಾವಾಗ, ತನ್ನ ಹಲ್ಲುನೋವಿಗೆ ವೈದ್ಯರ ಬಳಿ ಹೋಗಿದ್ದಾಳೆಯೇ ಎಂಬ ವಿವರ ಹುಡುಕಿದರೂ ಸಿಗುವುದಿಲ್ಲ. ಯುಎಇಯ ಶಾರ್ಜಾದಲ್ಲಿ ವಿಶೇಷ ಶಿಕ್ಷಕಿಯಾಗಿ ದುಡಿದ ವರ್ಷಗಳಲ್ಲಿ ಈ ವಿವರಗಳನ್ನು ಕೇಳಿ ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಅರಬ್ ತಾಯಂದಿರ ಮನೆಗಳಿಗೆ ಹೋಗಿ, ಅವರ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಅವರ ಬಾಯಿಂದಲೇ ಕೇಳಿ, ಅದರ ಆಧಾರದ ಮೇಲೆ ಕುಟುಂಬಕ್ಕೆ ಬೇಕಾದ ಯೋಜನೆಯನ್ನು ಅವರೊಂದಿಗೇ ಕುಳಿತು ರೂಪಿಸುವ ಕ್ರಮ ಅದು. ಅದು ನಡೆದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ.

ಶಾರ್ಜಾ ಈ ವಿಷಯದಲ್ಲಿ ಹಿಂದುಳಿದ ಊರೇನೂ ಅಲ್ಲ. ಶಾರ್ಜಾ ಸಿಟಿ ಫಾರ್ ಹ್ಯುಮಾನಿಟೇರಿಯನ್ ಸರ್ವಿಸಸ್ ಎಂಬ ಸಂಸ್ಥೆ 1979ರಿಂದಲೇ ಅಂಗವೈಕಲ್ಯವಿರುವ ಮಕ್ಕಳಿಗಾಗಿ ಕೆಲಸ ಮಾಡುತ್ತಿದೆ. ಯುಎಇಯಲ್ಲಿ 2006ರಲ್ಲೇ ಅಂಗವಿಕಲರ ಹಕ್ಕುಗಳ ಒಕ್ಕೂಟ ಕಾನೂನು ಬಂತು. 2010ರಲ್ಲಿ ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ದೇಶ ಸ್ಥಿರೀಕರಿಸಿತು. 2019ರ ಮಾರ್ಚ್‌ನಲ್ಲಿ ಸ್ಪೆಷಲ್ ಒಲಿಂಪಿಕ್ಸ್ ವಿಶ್ವ ಕ್ರೀಡಾಕೂಟ ಅಬುಧಾಬಿಯಲ್ಲಿ ನಡೆದಾಗ, ಬೌದ್ಧಿಕ ವೈಕಲ್ಯವಿರುವ ಮಕ್ಕಳ ಮುಖಗಳು ಹೆದ್ದಾರಿ ಬದಿಯ ದೊಡ್ಡ ಫಲಕಗಳಲ್ಲಿ ಕಂಡವು. ನಾನಿದ್ದದ್ದು ಇವೆಲ್ಲದರ ನೆರಳಿನಲ್ಲಿ ನಡೆಯುತ್ತಿದ್ದ ಒಂದು ಸಣ್ಣ ಕೇಂದ್ರದಲ್ಲಿ. ಅಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಎಮಿರಾತಿ, ಅಂದರೆ ಯುಎಇಯದೇ ಪ್ರಜೆಗಳ, ಕುಟುಂಬದವರು ಕೆಲವರು, ಉಳಿದವರು ಸಿರಿಯಾ, ಈಜಿಪ್ಟ್, ಜೋರ್ಡಾನ್, ಸುಡಾನ್, ಯೆಮನ್‌ಗಳಿಂದ ಕೆಲಸಕ್ಕೆಂದು ಬಂದ ಅರಬರ ಮಕ್ಕಳು. ಹೊರಗಿನಿಂದ ನೋಡುವವರಿಗೆ ಇವರೆಲ್ಲ ಒಂದೇ ಭಾಷೆಯ, ಬಹುಪಾಲು ಒಂದೇ ಧರ್ಮದ ಜನ. ಆದರೆ ಸ್ವಂತ ನೆಲದಲ್ಲಿ ಅತ್ತೆ, ನಾದಿನಿ, ಓರಗಿತ್ತಿಯರ ನಡುವೆ ಮಗು ಬೆಳೆಸುವ ತಾಯಿಗೂ, ವೀಸಾ ಅವಧಿ ಎಣಿಸುತ್ತ ಬಾಡಿಗೆ ಫ್ಲ್ಯಾಟಿನಲ್ಲಿ ಒಬ್ಬಳೇ ಮಗು ಬೆಳೆಸುವ ತಾಯಿಗೂ ಇರುವ ಅಂತರ, ಕುಂದಾಪುರದ ಕೂಡುಕುಟುಂಬದ ಸೊಸೆಗೂ ಬೆಂಗಳೂರಿನ ಅಪಾರ್ಟ್‌ಮೆಂಟಿನ ಸೊಸೆಗೂ ಇರುವುದಕ್ಕಿಂತ ಎಷ್ಟೋ ದೊಡ್ಡದು.

ನಾವು ಅನುಸರಿಸಿದ ಕ್ರಮ ಎರಡು ಕಡೆಯಿಂದ ಬಂದದ್ದು. ಮೊದಲನೆಯದು, ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಬೀಚ್ ಸೆಂಟರ್ ರೂಪಿಸಿದ ಕುಟುಂಬದ ಜೀವನ ಗುಣಮಟ್ಟದ ಅಳತೆಪಟ್ಟಿ. ಅದರಲ್ಲಿ 25 ಹೇಳಿಕೆಗಳಿವೆ. ಮನೆಯವರ ನಡುವಿನ ಒಡನಾಟ, ಮಕ್ಕಳ ಪಾಲನೆ, ಮಾನಸಿಕ ನೆಮ್ಮದಿ, ದೈಹಿಕ ಮತ್ತು ಆರ್ಥಿಕ ಸ್ಥಿತಿ, ಅಂಗವೈಕಲ್ಯಕ್ಕೆ ಸಂಬಂಧಿಸಿದ ನೆರವು ಎಂಬ ಐದು ವಿಭಾಗಗಳಲ್ಲಿ ಎಷ್ಟು ತೃಪ್ತಿ ಇದೆ ಎಂದು ತಾಯಿ ಒಂದರಿಂದ ಐದರವರೆಗಿನ ಅಂಕ ಕೊಡಬೇಕು. ಎರಡನೆಯದು, ರಾಬಿನ್ ಮೆಕ್‌ವಿಲಿಯಂ ಎಂಬ ಅಮೆರಿಕದ ತಜ್ಞರು ಬೆಳೆಸಿದ ದಿನಚರಿ ಆಧಾರಿತ ಸಂದರ್ಶನ. ಅದರಲ್ಲಿ ಅಂಕಕ್ಕಿಂತ ಮಾತು ಹೆಚ್ಚು. ಬೆಳಗ್ಗೆ ಏಳುವುದು, ಉಡುಪು ತೊಡಿಸುವುದು, ತಿಂಡಿ, ಶಾಲೆಗೆ ಹೊರಡುವುದು, ಊಟ, ಆಟ, ಸ್ನಾನ, ನಿದ್ದೆ ಎಂದು ಒಂದೊಂದೇ ಹೊತ್ತನ್ನು ತೆಗೆದುಕೊಂಡು, ಆಗ ಮನೆಯಲ್ಲಿ ಯಾರು ಏನು ಮಾಡುತ್ತಿರುತ್ತಾರೆ, ಮಗು ಏನು ಮಾಡುತ್ತದೆ, ಆ ಹೊತ್ತು ತಾಯಿಗೆ ಎಷ್ಟು ಸಮಾಧಾನದ್ದು ಎಂದು ಕೇಳುತ್ತ ಹೋಗಬೇಕು. ಸುಮಾರು ಎರಡು ಗಂಟೆ ಹಿಡಿಯುವ ಈ ಮಾತುಕತೆಯ ಕೊನೆಗೆ ಗುರಿಗಳನ್ನು ತಾಯಿಯೇ ಆರಿಸುತ್ತಾಳೆ, ಯಾವುದು ಮೊದಲು ಎಂಬುದನ್ನೂ ಅವಳೇ ನಿರ್ಧರಿಸುತ್ತಾಳೆ.

ಜೊತೆಗೆ ಬಂದವರು ಜೋರ್ಡಾನ್ ಮೂಲದ ನನ್ನ ಸಹೋದ್ಯೋಗಿ, ಮನಃಶಾಸ್ತ್ರಜ್ಞೆ. ನನಗೆ ತರಗತಿ ನಡೆಸುವಷ್ಟು, ಬಸ್ಸು ತಡವಾದದ್ದಕ್ಕೆ ಕ್ಷಮೆ ಕೇಳುವಷ್ಟು ಅರಬಿ ಬರುತ್ತಿತ್ತು. ಗಂಡನ ಬಗ್ಗೆ, ಅತ್ತೆಯ ಬಗ್ಗೆ ಒಬ್ಬಾಕೆ ದನಿ ತಗ್ಗಿಸಿ ಹೇಳುವ ಮಾತನ್ನು ಹಿಡಿಯುವಷ್ಟು ಬರುತ್ತಿರಲಿಲ್ಲ. ಪ್ರಶ್ನೆ ಅವರದು, ಮಗುವಿನೊಂದಿಗೆ ನೆಲದ ಮೇಲೆ ಕುಳಿತು ಆಡುವುದು ಮತ್ತು ಟಿಪ್ಪಣಿ ಬರೆಯುವುದು ನನ್ನದು ಎಂದು ಹಂಚಿಕೊಂಡೆವು. ಈ ಹಂಚಿಕೆ ನಾವೆಣಿಸದ ಒಂದು ಅನುಕೂಲ ಮಾಡಿಕೊಟ್ಟಿತು: ಮಗು ಬೇರೆಯವರ ಕೈಯಲ್ಲಿ ಇದೆ ಎಂದು ಗೊತ್ತಾದ ಮೇಲೆ ತಾಯಂದಿರ ಕಣ್ಣು ಮೆಲ್ಲನೆ ಮಗುವನ್ನು ಬಿಟ್ಟು ಎದುರಿಗಿದ್ದವರತ್ತ ತಿರುಗುತ್ತಿತ್ತು.

ಅಳತೆಪಟ್ಟಿಯಿಂದ ಸಿಕ್ಕಿದ್ದು ಬಹಳ ಕಡಿಮೆ. ಮೊದಲು ಹೋದ ಮನೆಗಳಲ್ಲಿ ಒಂದು, ದೊಡ್ಡ ಎಮಿರಾತಿ ಕುಟುಂಬದ ವಿಲ್ಲಾ. ಹೆಂಗಸರ ಮಜ್ಲಿಸಿನಲ್ಲಿ, ಅಂದರೆ ಅತಿಥಿಗಳನ್ನು ಕೂರಿಸುವ ಕೋಣೆಯಲ್ಲಿ, ನಮ್ಮನ್ನು ಕೂರಿಸಿದರು. ಖರ್ಜೂರ ಬಂತು, ಏಲಕ್ಕಿ ಹಾಕಿದ ಗಾವಾ ಎಂಬ ಅರಬ್ ಕಾಫಿ ಬಂತು, ಪುಟ್ಟ ಬಟ್ಟಲನ್ನು ಅಲುಗಿಸಿ ಸಾಕು ಎಂದು ಸೂಚಿಸುವವರೆಗೆ ಸುರಿಯುತ್ತಲೇ ಇದ್ದರು. ತಾಯಿ ನಲವತ್ತು ದಾಟಿದವರು. ಕೊನೆಯ ಮಗನಿಗೆ ಐದು ವರ್ಷ, ಡೌನ್ ಸಿಂಡ್ರೋಮ್. ಪಕ್ಕದಲ್ಲಿ ಅತ್ತೆ ಕುಳಿತಿದ್ದರು. ‘ಒತ್ತಡ ಕಡಿಮೆ ಮಾಡಿಕೊಳ್ಳಲು ಬೇಕಾದ ನೆರವು ನಮ್ಮ ಕುಟುಂಬಕ್ಕೆ ಇದೆ’ ಎಂಬ ಹೇಳಿಕೆಗೆ ಐದು. ‘ಮನೆಯವರಿಗೆ ತಮ್ಮ ಇಷ್ಟದ ಕೆಲಸಕ್ಕೆ ಸಮಯ ಸಿಗುತ್ತದೆ’ ಎಂಬುದಕ್ಕೂ ಐದು. ಕೊನೆಯ ಹೇಳಿಕೆಯವರೆಗೂ ಐದೇ. ದೇವರು ಕೊಟ್ಟದ್ದರ ಬಗ್ಗೆ ಅಪರಿಚಿತರ ಮುಂದೆ ಅತೃಪ್ತಿ ಹೇಳುವುದು ಅಲ್ಲಿ ಸಭ್ಯತೆಯಲ್ಲ. ಅತ್ತೆಯ ಮುಂದೆ ಹೇಳುವುದಂತೂ ಎಲ್ಲಿಯೂ ಜಾಣತನವಲ್ಲ. ಕಾಗದದ ಲೆಕ್ಕದಲ್ಲಿ ನಾವು ನೋಡಿದ ಅತ್ಯಂತ ನೆಮ್ಮದಿಯ ಮನೆ ಅದು.

ನನ್ನ ಸಹೋದ್ಯೋಗಿ ಕಾಗದ ಮಡಚಿ ಚೀಲದಲ್ಲಿಟ್ಟು, ಪ್ರಶ್ನೆಯ ಕಾಲವನ್ನು ಬದಲಿಸಿದರು. ‘ಸಾಮಾನ್ಯವಾಗಿ ನಿಮ್ಮ ದಿನ ಹೇಗಿರುತ್ತದೆ’ ಎಂದು ಕೇಳುವುದನ್ನು ಬಿಟ್ಟು, ‘ನಿನ್ನೆ ಮನೆಯಲ್ಲಿ ಮೊದಲು ಎದ್ದವರು ಯಾರು’ ಎಂದು ಕೇಳಿದರು. ಸಾಮಾನ್ಯ ದಿನದ ಬಗ್ಗೆ ಎಲ್ಲರಿಗೂ ಸಿದ್ಧವಾದ ಒಳ್ಳೆಯ ಉತ್ತರ ಇರುತ್ತದೆ. ನಿನ್ನೆ ಎಂಬುದಕ್ಕೆ ಇರುವುದಿಲ್ಲ, ಅದು ನಡೆದಂತೆಯೇ ಬಾಯಿಗೆ ಬರುತ್ತದೆ. ನಿನ್ನೆ ಮೊದಲು ಎದ್ದವನು ಆ ಹುಡುಗನೇ, ಬೆಳಗಿನ ಜಾವದ ನಮಾಜಿಗೂ ಮುಂಚೆ. ಎದ್ದವನು ಫ್ರಿಜ್ ತೆಗೆದು ಸಿಕ್ಕಿದ್ದನ್ನು ತಿಂದಿದ್ದ, ಆಮೇಲೆ ಅಂಗಳದ ಗೇಟಿನ ಬಳಿ ಹೋಗಿ ಚಿಲಕ ಬಡಿಯುತ್ತಿದ್ದ. ಒಂದು ಸಲ ಹೀಗೆಯೇ ರಸ್ತೆಗೆ ಹೋಗಿಬಿಟ್ಟಿದ್ದನಂತೆ. ಅಂದಿನಿಂದ ತಾಯಿ ಅವನನ್ನು ತಮ್ಮ ಮಗ್ಗುಲಲ್ಲೇ ಮಲಗಿಸಿಕೊಳ್ಳುತ್ತಾರೆ, ಅವನ ಅಂಗಿಯ ತುದಿಯನ್ನು ತಮ್ಮ ಕೈಗೆ ಸುತ್ತಿಕೊಂಡು. ಗಂಡ ಬೇರೆ ಕೋಣೆಯಲ್ಲಿ ಮಲಗುವುದು ರೂಢಿಯಾಗಿ ವರ್ಷಗಳಾಗಿವೆ. ಇದಿಷ್ಟೂ ಅತ್ತೆ ನಮಾಜಿಗೆಂದು ಎದ್ದುಹೋದ ಹೊತ್ತಿನಲ್ಲಿ ಬಂದ ಮಾತು. ಆ ಮೇಲೆ ನಾವು ಭೇಟಿಯ ಸಮಯವನ್ನು ನಮಾಜಿನ ಹೊತ್ತಿಗೆ ಹೊಂದಿಸಿಕೊಳ್ಳುವುದನ್ನು ಕಲಿತೆವು.

ಮಧ್ಯಾಹ್ನದ ಊಟದ ವಿಷಯಕ್ಕೆ ಬಂದಾಗ ಇನ್ನೊಂದು ಸಂಗತಿ ಕಾಣಿಸಿತು. ಮಗು ಏನು ತಿನ್ನುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಪ್ರತಿ ಪ್ರಶ್ನೆಗೂ ತಾಯಿ ಬಾಗಿಲ ಬಳಿ ನಿಂತಿದ್ದ ಮನೆಗೆಲಸದಾಕೆಯ ಕಡೆ ನೋಡಿ ಉತ್ತರಿಸುತ್ತಿದ್ದರು. ಆಕೆ ಇಥಿಯೋಪಿಯಾದವಳು. ಮಗುವಿಗೆ ಉಣಿಸುವುದು, ಸ್ನಾನ ಮಾಡಿಸುವುದು, ಶಾಲೆಯ ಬಸ್ಸಿಗೆ ಹತ್ತಿಸುವುದು ಆಕೆಯೇ. ಹಿಂದೆ ಇದ್ದ ಇಂಡೋನೇಷ್ಯಾದ ಹೆಂಗಸು ಎರಡು ವರ್ಷದ ಒಪ್ಪಂದ ಮುಗಿಸಿ ಊರಿಗೆ ಹೋದಾಗ ಹುಡುಗ ತಿಂಗಳುಗಟ್ಟಲೆ ಊಟ ಬಿಟ್ಟಿದ್ದನಂತೆ. ಕಲಿತ ಕೆಲವು ಪದಗಳೂ ಅವಳೊಂದಿಗೇ ಹೋದವು. ಗಲ್ಫಿನ ಕುಟುಂಬ ಕ್ಷೇಮದ ಬಗ್ಗೆ ಮಾತನಾಡುವಾಗ ಈ ಹೆಂಗಸರನ್ನು ಲೆಕ್ಕದಿಂದ ಹೊರಗಿಡುವುದು ರೂಢಿ. ನಮ್ಮ ಸಂದರ್ಶನದಲ್ಲಿ ಅವರನ್ನೂ ಕೂರಿಸಬೇಕು ಎಂದು ನಾನು ಪಟ್ಟು ಹಿಡಿದೆ. ಕೆಲವು ಮನೆಗಳು ಒಪ್ಪಿದವು, ಕೆಲವು ಮನೆಗಳು ನಕ್ಕು ಸುಮ್ಮನಾದವು. ಒಪ್ಪಿದ ಮನೆಗಳಲ್ಲಿ ಯೋಜನೆ ನಿಂತಿತು. ಉಳಿದ ಕಡೆ ಅದು ಕಾಗದದಲ್ಲೇ ಉಳಿಯಿತು ಎಂದು ಹೇಳಿದರೆ ಉತ್ಪ್ರೇಕ್ಷೆಯಲ್ಲ.

ಅದೇ ಮನೆಯ ಹಿರಿಯ ಮಗಳು ಮದುವೆಯ ವಯಸ್ಸಿಗೆ ಬಂದವಳು. ಅಲ್ಲಿ ಹೆಂಗಸರಿಗೇ ಮೀಸಲಾದ ಮದುವೆ ಸಭಾಂಗಣಗಳಲ್ಲಿ ಗಂಡುಮಕ್ಕಳ ತಾಯಂದಿರು ಸೊಸೆಯಂದಿರನ್ನು ಹುಡುಕುತ್ತಾರೆ. ತಮ್ಮನಿಗೆ ಡೌನ್ ಸಿಂಡ್ರೋಮ್ ಇದೆ ಎಂದು ಎಲ್ಲರಿಗೂ ಗೊತ್ತು, ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಆದರೂ ಮದುವೆಗೆ ಹೋಗುವಾಗ ಅವನನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಹೆಣ್ಣು ನೋಡಲು ಬರುವವರು ಮನೆಯ ಒಳಕೋಣೆಯತ್ತಲೂ ಒಂದು ಕಣ್ಣು ಹಾಯಿಸುವುದನ್ನು ನೋಡಿ ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಕಾರಣದ ಪ್ರಶ್ನೆ ಬಾರದ ಮನೆಯೇ ಇರಲಿಲ್ಲ. ಅರಬ್ ಸಮಾಜದಲ್ಲಿ ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳ ನಡುವಿನ ಮದುವೆ ಬಹಳ ಹಿಂದಿನಿಂದ ಬಂದದ್ದು. ರಕ್ತಸಂಬಂಧದ ಮದುವೆಯಲ್ಲಿ ತಂದೆತಾಯಿ ಇಬ್ಬರೂ ಒಂದೇ ದೋಷವುಳ್ಳ ವಂಶವಾಹಿಯನ್ನು ಹೊತ್ತಿರುವ ಸಂಭವ ಹೆಚ್ಚು. ಹಾಗಾಗಿ ಕೆಲವು ಅನುವಂಶೀಯ ಕಾಯಿಲೆಗಳು, ಅವುಗಳ ಜೊತೆಗೆ ಬರುವ ಬೌದ್ಧಿಕ ವೈಕಲ್ಯವೂ ಹೆಚ್ಚುತ್ತವೆ. ಇದು ನಿಜ. ಸೋದರಮಾವನನ್ನೇ ಮದುವೆಯಾದ ಹೆಣ್ಣುಮಕ್ಕಳಿರುವ ನಾಡಿನಿಂದ ಹೋದ ನಾನು ಇದರ ಬಗ್ಗೆ ಮೂಗು ಮುರಿಯುವ ಸ್ಥಿತಿಯಲ್ಲಿರಲಿಲ್ಲ. ಆದರೆ ಡೌನ್ ಸಿಂಡ್ರೋಮ್‌ನ ಲೆಕ್ಕ ಬೇರೆ. ಬಹುಪಾಲು ಸಂದರ್ಭಗಳಲ್ಲಿ ಅದು ಇಪ್ಪತ್ತೊಂದನೇ ವರ್ಣತಂತು ಒಂದು ಹೆಚ್ಚಾಗಿ ಬರುವುದರಿಂದ ಆಗುವಂಥದ್ದು. ತಾಯಿಯ ವಯಸ್ಸು ಏರಿದಂತೆ ಅದರ ಸಂಭವವೂ ಏರುತ್ತದೆ. ನಲವತ್ತನೇ ವಯಸ್ಸಿಗೆ ಸುಮಾರು ನೂರು ಹೆರಿಗೆಗೆ ಒಂದು, ನಲವತ್ತೈದಕ್ಕೆ ಸುಮಾರು ಮೂವತ್ತಕ್ಕೆ ಒಂದು. ನಾನು ಹೇಳಿದ ತಾಯಿ ದೂರದ ಸಂಬಂಧಿಯನ್ನು ಮದುವೆಯಾದವರು. ಐದು ವರ್ಷ ಎಲ್ಲರೂ ಅದನ್ನೇ ಎತ್ತಿ ಆಡಿದ್ದರು, ಅದೂ ಹೆಣ್ಣಿನ ಕಡೆಯ ಸಂಬಂಧವನ್ನು. ಕಾರಣ ಮದುವೆಯ ಸಂಬಂಧವಲ್ಲ ಎಂದು ಆಸ್ಪತ್ರೆಯಲ್ಲಿ ವೈದ್ಯರು ಹೇಳಿರಬಹುದು. ಹೆರಿಗೆಯಾದ ಮರುದಿನ ಹೇಳಿದ್ದು ಯಾರ ತಲೆಗೂ ಹೋಗುವುದಿಲ್ಲ. ನನ್ನ ಸಹೋದ್ಯೋಗಿ ಮಗುವಿನ ವರ್ಣತಂತು ಪರೀಕ್ಷೆಯ ವರದಿಯನ್ನೇ ತೆರೆದು, ಬೆರಳಿಟ್ಟು ತೋರಿಸಿ, ಅತ್ತೆಯ ಎದುರಿಗೇ ಇನ್ನೊಮ್ಮೆ ಹೇಳಿದರು. ಅತ್ತೆ ವರದಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಯುಎಇಯಲ್ಲಿ 2025ರ ಜನವರಿಯಿಂದ ಎಮಿರಾತಿ ಜೋಡಿಗಳ ಮದುವೆಪೂರ್ವ ತಪಾಸಣೆಯಲ್ಲಿ ವಂಶವಾಹಿ ಪರೀಕ್ಷೆಯೂ ಸೇರಿದೆ. ಅದು ಮುಂದಿನ ಪೀಳಿಗೆಗೆ. ಈಗಾಗಲೇ ಹುಟ್ಟಿದ ಮಗುವಿನ ತಾಯಿಯ ಮೇಲಿನ ಆರೋಪವನ್ನು ಇಳಿಸುವ ಕೆಲಸ ಹೀಗೆ ಮನೆಮನೆಗೆ ಕುಳಿತೇ ಆಗಬೇಕು.

ಇದಕ್ಕೆ ಪೂರ್ತಿ ಬೇರೆಯೇ ಆದ ಮನೆ ಅಲ್ ನಹ್ದಾದ ಒಂದು ಫ್ಲ್ಯಾಟು. ಶಾರ್ಜಾ ಮುಗಿದು ದುಬೈ ಆರಂಭವಾಗುವ ಅಂಚಿನ ಬಡಾವಣೆ ಅದು. ಬಾಡಿಗೆ ಶಾರ್ಜಾದ್ದು, ದುಡಿಮೆ ದುಬೈಯದ್ದು ಎಂಬ ಲೆಕ್ಕದಲ್ಲಿ ಬದುಕುವ ಸಾವಿರಾರು ಕುಟುಂಬಗಳಿವೆ, ನಮ್ಮ ಕರಾವಳಿಯವರೂ ಬಹಳ ಜನ. ಆ ತಾಯಿ ಸಿರಿಯಾದ ಹೋಮ್ಸ್ ನಗರದವರು, ಊರಿನಲ್ಲಿ ಔಷಧ ವಿಜ್ಞಾನ ಓದಿ ಅಂಗಡಿ ನಡೆಸಿದ್ದವರು. ಗಂಡ ದುಬೈಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಾರೆ. ಅಲ್ ಇತ್ತಿಹಾದ್ ರಸ್ತೆಯ ವಾಹನ ದಟ್ಟಣೆಗೆ ಹೆದರಿ ಬೆಳಗ್ಗೆ ಆರಕ್ಕೆ ಮೊದಲೇ ಹೊರಟರೆ ರಾತ್ರಿ ಎಂಟಕ್ಕೆ ವಾಪಸು. ಒಂಬತ್ತು ವರ್ಷದ ಮಗಳಿಗೆ ಬೌದ್ಧಿಕ ವೈಕಲ್ಯದ ಜೊತೆ ಅಪಸ್ಮಾರವೂ ಇತ್ತು. ಖಾಸಗಿ ಶಾಲೆಯೊಂದು, ಮಗುವಿನ ಪಕ್ಕದಲ್ಲಿ ಕೂರುವ ಸಹಾಯಕಿಯ ಸಂಬಳವನ್ನು ಪೋಷಕರೇ ಕೊಡುವುದಾದರೆ ಮಾತ್ರ ಸೇರಿಸಿಕೊಳ್ಳುತ್ತೇವೆ ಎಂದು ಹೇಳಿ ಕಳುಹಿಸಿತ್ತು. ಅದು ಗಂಡನ ಸಂಬಳದ ದೊಡ್ಡ ಪಾಲು. ಕೊನೆಗೆ ನಮ್ಮ ಕೇಂದ್ರಕ್ಕೆ ಬಂದರು.

ಅವರಿಗೆ ನಿನ್ನೆಯ ದಿನ ಹೇಳಲು ಯಾವ ಅಂಜಿಕೆಯೂ ಇರಲಿಲ್ಲ. ಕೇಳುವವರು ಸಿಕ್ಕಿರಲಿಲ್ಲ ಅಷ್ಟೆ. ಫಿಟ್ಸ್ ಬಂದೀತು ಎಂಬ ಭಯದಿಂದ ಸ್ನಾನಕ್ಕೆ ಹೋದಾಗ ಬಾಗಿಲು ತೆರೆದೇ ಇಡುತ್ತಾರೆ. ಸೋಪಿನ ಗೂಡಿನಲ್ಲಿ ಫೋನು. ಟರ್ಕಿಯಲ್ಲಿರುವ ಅಕ್ಕ, ಹೋಮ್ಸ್‌ನಲ್ಲಿರುವ ತಾಯಿ, ಜರ್ಮನಿಯಲ್ಲಿರುವ ತಮ್ಮನ ಹೆಂಡತಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಧ್ವನಿ ಸಂದೇಶಗಳನ್ನು ಆ ಐದು ನಿಮಿಷದಲ್ಲಿ ಕೇಳಿಸಿಕೊಳ್ಳುತ್ತಾರೆ. ಉತ್ತರವನ್ನು ಮಗಳು ಮಲಗಿದ ಮೇಲೆ, ಅಡುಗೆಮನೆಯಲ್ಲಿ ನಿಂತು, ಪಿಸುದನಿಯಲ್ಲಿ ಕಳುಹಿಸುತ್ತಾರೆ.

ಸಂದರ್ಶನದ ಒಂದು ಭಾಗವಾಗಿ ಕುಟುಂಬದ ಆಸರೆಗಳ ನಕ್ಷೆ ಬರೆಯುತ್ತೇವೆ. ನಡುವೆ ಒಂದು ಚೌಕದಲ್ಲಿ ಮನೆಯವರು. ಮೇಲೆ ನೆಂಟರು, ಸ್ನೇಹಿತರು, ನೆರೆಯವರು. ಕೆಳಗೆ ಶಾಲೆ, ವೈದ್ಯರು, ಕಚೇರಿಗಳು. ಹೆಚ್ಚು ಆಸರೆಯಾಗುವವರಿಗೆ ದಪ್ಪ ಗೆರೆ, ಕಡಿಮೆಯಾದರೆ ತೆಳು ಗೆರೆ, ಕಿರಿಕಿರಿ ತರುವವರಿಗೆ ತುಂಡು ಗೆರೆ. ಎಮಿರಾತಿ ಮನೆಯ ನಕ್ಷೆಯಲ್ಲಿ ಮೇಲಿನ ಭಾಗ ನೆಂಟರಿಂದ ಕಿಕ್ಕಿರಿದಿತ್ತು. ಗೆರೆಗಳು ಮಾತ್ರ ದಪ್ಪಗೂ ಇದ್ದವು, ತುಂಡಾಗಿಯೂ ಇದ್ದವು, ಎಷ್ಟೋ ಸಲ ಒಬ್ಬರಿಗೇ ಎರಡೂ ಬಗೆಯವು. ಹೋಮ್ಸ್‌ನ ತಾಯಿಯ ನಕ್ಷೆಯಲ್ಲಿ ದಪ್ಪ ಗೆರೆಗಳೆಲ್ಲ ಸಮುದ್ರ ದಾಟಿ ಹೋಗಿದ್ದವು. ಅದೇ ಕಟ್ಟಡದಲ್ಲಿ ಕೈಗೆ ಸಿಗುವಂತೆ ಇದ್ದದ್ದು ಒಂದೇ ಗೆರೆ: ಎದುರು ಮನೆಯ ಮಲಯಾಳಿ ಅಜ್ಜಿ. ಅವರಿಗೆ ಅರಬಿ ಬಾರದು, ಇವರಿಗೆ ಮಲಯಾಳಂ ಬಾರದು. ಮಗಳ ಕೈಗೆ ಒಂದು ತಟ್ಟೆ ಹಿಡಿಸಿ ಹುರುಳಿಕಾಯಿ ಮುರಿಯಲು ಕೊಟ್ಟು ಅರ್ಧ ಗಂಟೆ ನೋಡಿಕೊಳ್ಳುತ್ತಿದ್ದರಂತೆ. ನಮ್ಮ ಕೇಂದ್ರದ ಯಾವ ಚಿಕಿತ್ಸೆಗೂ ಸಿಗದ ದಪ್ಪ ಗೆರೆ ಆ ಅಜ್ಜಿಗೆ ಸಿಕ್ಕಿತು. ಎಷ್ಟು ದಪ್ಪ ಬರೆಯಲಿ ಎಂದು ಕೇಳಿದಾಗ ಆ ತಾಯಿ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ತಾವೇ ಎರಡು ಸಲ ತೀಡಿದರು.

ಧರ್ಮದ ವಿಚಾರವನ್ನು ಇಂಥ ಕೆಲಸದಲ್ಲಿ ತಜ್ಞರು ಎರಡು ರೀತಿಯಲ್ಲಿ ನೋಡುವುದನ್ನು ಕಂಡಿದ್ದೇನೆ. ಕೆಲವರಿಗೆ ಅದು ಚಿಕಿತ್ಸೆಗೆ ಅಡ್ಡಿ. ಕೆಲವರಿಗೆ ಸಹಿಸುವ ಶಕ್ತಿ ಕೊಡುವ ಸಾಧನ. ಮನೆಗಳಲ್ಲಿ ನಾನು ಕಂಡದ್ದು ಇದಕ್ಕಿಂತ ಹೆಚ್ಚು ಕಲಸಿಕೊಂಡಿತ್ತು. ಬುದ್ಧಿ ಬಲಿಯದವರಿಂದ ಲೇಖನಿಯನ್ನು ಎತ್ತಲಾಗಿದೆ, ಅಂದರೆ ಅವರ ಪಾಪಪುಣ್ಯದ ಲೆಕ್ಕ ಬರೆಯಲಾಗುವುದಿಲ್ಲ ಎಂಬ ಅರ್ಥದ ಪ್ರವಾದಿವಚನವನ್ನು ತಾಯಂದಿರು ಮತ್ತೆ ಮತ್ತೆ ಹೇಳುತ್ತಿದ್ದರು. ಈ ಮಗು ನೇರವಾಗಿ ಸ್ವರ್ಗಕ್ಕೆ ಹೋಗುವಂಥದ್ದು, ಅದನ್ನು ಸಾಕಿದವರಿಗೂ ಅಲ್ಲಿ ಪಾಲಿದೆ ಎಂಬ ನಂಬಿಕೆ ರಾತ್ರಿ ಮೂರು ಗಂಟೆಗೆ ಮೂರ್ಛೆ ಬಂದ ಮಗುವನ್ನು ಮಗ್ಗುಲಿಗೆ ತಿರುಗಿಸಿ ಕುಳಿತ ತಾಯಿಗೆ ನಿಜವಾದ ಆಸರೆ. ಅದರ ಬದಲು ಕೊಡಲು ನಮ್ಮ ಚೀಲದಲ್ಲಿ ಏನೂ ಇರಲಿಲ್ಲ. ಅದೇ ನಂಬಿಕೆಯನ್ನು ಬೇರೆಯವರು ಹಿಡಿದು, ‘ದೇವರು ನಿನ್ನನ್ನು ಆರಿಸಿದ್ದಾನೆ, ಸಹನೆ ಇರಲಿ’ ಎಂದು ಹೇಳಿ ಎದ್ದುಹೋದಾಗ, ಅವರು ಮಗುವನ್ನು ಒಂದು ಗಂಟೆ ನೋಡಿಕೊಳ್ಳುವ ಹೊಣೆಯಿಂದಲೂ ಎದ್ದುಹೋದಂತೆ. ಕುರಾನ್ ಪಠಿಸಿ ಊದಿಸುವುದು, ಮೆಕ್ಕಾದ ಪವಿತ್ರ ಜಮ್‌ಜಮ್ ನೀರು ಕುಡಿಸುವುದು, ಕರಿಜೀರಿಗೆಯ ಎಣ್ಣೆ ಹಚ್ಚುವುದು ಬಹುತೇಕ ಎಲ್ಲ ಮನೆಗಳಲ್ಲೂ ನಡೆಯುತ್ತಿತ್ತು. ಫಿಟ್ಸಿನ ಮಾತ್ರೆಯನ್ನು ಮಾತ್ರ ಒಂದು ಹೊತ್ತೂ ತಪ್ಪಿಸಬಾರದು ಎಂಬುದರ ಹೊರತು ಬೇರೆ ಯಾವ ವಾದವನ್ನೂ ನಾವು ಮಾಡಲಿಲ್ಲ.

ರಂಜಾನ್ ತಿಂಗಳು ದಿನಚರಿಯನ್ನೇ ತಲೆಕೆಳಗು ಮಾಡುತ್ತದೆ. ಮನೆ ರಾತ್ರಿಯಿಡೀ ಎಚ್ಚರ, ಹಗಲು ನಿದ್ದೆ. ಮಗುವಿಗೆ ಉಪವಾಸವಿಲ್ಲ, ಹಗಲು ಅಡುಗೆಯಾಗಬೇಕು. ಸಂಜೆ ಇಫ್ತಾರಿಗೆ ನೆಂಟರು. ಕೇಂದ್ರದ ಅವಧಿಯೂ ಆ ತಿಂಗಳು ಕಡಿತವಾಗುತ್ತದೆ. ರಂಜಾನಿನ ನಿನ್ನೆಯನ್ನು ಕೇಳಿ ಬರೆದುಕೊಂಡ ಮೇಲೆ, ಆ ತಿಂಗಳಿಗೆ ಪ್ರತ್ಯೇಕ ಯೋಜನೆ ಬೇಕು ಎಂಬುದು ಕೇಂದ್ರದವರಿಗೆ ಮನವರಿಕೆಯಾಯಿತು.

ಗುರಿಗಳನ್ನು ಆರಿಸುವ ಹಂತ ಬಂದಾಗ ತಾಯಂದಿರಿಗಿಂತ ನಮ್ಮವರ ಜೊತೆಯೇ ಹೆಚ್ಚು ಜಗ್ಗಾಟವಾಯಿತು. ವಾಕ್ ಚಿಕಿತ್ಸಕರು ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಮಾಡಿಸಿ ಎಂದು ಒಂದು ಹಾಳೆ ಕೊಟ್ಟಿರುತ್ತಾರೆ, ದಿನನಿತ್ಯದ ಕೆಲಸಗಳನ್ನು ರೂಢಿಸುವ ಆಕ್ಯುಪೇಷನಲ್ ಥೆರಪಿಸ್ಟರು ಇನ್ನೊಂದು, ಫಿಸಿಯೋಥೆರಪಿಸ್ಟರು ಮತ್ತೊಂದು, ವಿಶೇಷ ಶಿಕ್ಷಕಿಯರಾದ ನಾವು ಮಗದೊಂದು. ಎಲ್ಲವನ್ನೂ ಕೂಡಿಸಿದರೆ ತಾಯಿಯ ದಿನದಲ್ಲಿ ಇಲ್ಲದ ಒಂದೂವರೆ ಗಂಟೆ. ಹಾಳೆಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿರುತ್ತವೆ. ಮಾಡಲಾಗದ ದಿನ ಅವನ್ನು ನೋಡಿದಾಗಲೆಲ್ಲ ತಾಯಿಗೆ ತಾನು ಸೋತೆ ಅನ್ನಿಸುತ್ತದೆ. ಮಗುವಿನ ಒಳಿತಿಗೆ ಮಾಡಿದ ಏರ್ಪಾಡೇ ತಾಯಿಯ ನೆಮ್ಮದಿಯನ್ನು ತಿನ್ನುವ ಬಗೆ ಇದು. ಹಾಳೆಗಳನ್ನು ತೆಗೆಯಿಸಿ, ಹೇಗೂ ನಡೆಯುವ ಸ್ನಾನ, ಊಟ, ಉಡುಪಿನ ಹೊತ್ತಿನಲ್ಲೇ ಕಲಿಕೆಯನ್ನು ಸೇರಿಸೋಣ ಎಂಬುದು ಈ ಕ್ರಮದ ತಿರುಳು. ನಮ್ಮ ಚಿಕಿತ್ಸಕರಲ್ಲಿ ಕೆಲವರು ಇದನ್ನು ಇಂದಿಗೂ ಒಪ್ಪಿಲ್ಲ.

ಎಮಿರಾತಿ ತಾಯಿ ಆರಿಸಿದ ಮೊದಲ ಗುರಿ, ಶುಕ್ರವಾರದ ಕೂಡು ಊಟದಲ್ಲಿ ಮಗ ಎಲ್ಲರೊಂದಿಗೆ ಕೂರಬೇಕು ಎಂಬುದು. ಎರಡನೆಯದು, ಗಂಡ ಅವನನ್ನು ಜುಮ್ಮಾ ನಮಾಜಿಗೆ ಕರೆದುಕೊಂಡು ಹೋಗಬೇಕು. ಮೂರನೆಯದು, ತಮ್ಮ ಹಲ್ಲಿನ ಚಿಕಿತ್ಸೆ. ಒಂದು ದವಡೆ ಹಲ್ಲು ಎರಡು ವರ್ಷದಿಂದ ನೋಯುತ್ತಿತ್ತು, ಎಡಗಡೆ ಮಾತ್ರ ಅಗಿಯುತ್ತಿದ್ದರು. ಮಗುವಿನ ಯೋಜನೆಯಲ್ಲಿ ತಾಯಿಯ ಹಲ್ಲು ಬರೆಯುವುದು ಹೇಗೆ ಎಂದು ಕಚೇರಿಯಲ್ಲಿ ಕೇಳಿದರು. ಬರೆದೆವು.

ತಂದೆಯನ್ನು ತಲುಪುವುದು ನಮ್ಮಿಬ್ಬರಿಂದ ಆಗುವ ಕೆಲಸವಾಗಿರಲಿಲ್ಲ. ನಮ್ಮ ಈಜಿಪ್ಟಿನ ಫಿಸಿಯೋಥೆರಪಿಸ್ಟ್ ಗಂಡಸರ ಮಜ್ಲಿಸಿಗೆ ಹೋಗಿ ಕುಳಿತು ಮಾತನಾಡಿ ಬಂದರು. ಆ ತಂದೆಗೆ ಮಗನ ಮೇಲೆ ಅಸಡ್ಡೆ ಏನೂ ಇರಲಿಲ್ಲ. ಮಸೀದಿಯಲ್ಲಿ ಸಾಲಿನ ನಡುವೆ ಓಡಾಡಿ ಎಲ್ಲರ ನಮಾಜು ಕೆಡಿಸಿಯಾನು ಎಂಬ ಅಳುಕು ಇತ್ತು. ಹಾಗಾದರೆ ಅದನ್ನೇ ಕಲಿಸೋಣ ಎಂದಾಯಿತು. ತರಗತಿಯಲ್ಲಿ ನಾನು ಚಪ್ಪಲಿ ಕಳಚಿ ಗೂಡಿನಲ್ಲಿಡುವುದು, ಚಾಪೆಯ ಅಂಚಿಗೆ ಕಾಲು ಸೇರಿಸಿ ನಿಲ್ಲುವುದು, ಪಕ್ಕದವರು ಕುಳಿತಾಗ ಕೂರುವುದು ಇವನ್ನು ಅಭ್ಯಾಸ ಮಾಡಿಸಿದೆ. ಮೊದಲು ಜನ ಕಡಿಮೆಯಿರುವ ಮಧ್ಯಾಹ್ನದ ನಮಾಜು, ಬಾಗಿಲ ಬಳಿಯ ಜಾಗ. ಆಮೇಲೆ ಶುಕ್ರವಾರ. ಹುಡುಗ ಚಪ್ಪಲಿಯನ್ನು ತನ್ನದಷ್ಟೇ ಅಲ್ಲದೆ ಕಂಡವರದ್ದನ್ನೆಲ್ಲ ಜೋಡಿಸತೊಡಗಿದ, ಅದಕ್ಕೆ ಅವನಿಗೆ ಅಲ್ಲಿ ಒಂದು ಹೆಸರೂ ಬಂತು. ಅವನು ತಂದೆಯೊಂದಿಗೆ ಹೋದ ಆ ಹೊತ್ತಿನಲ್ಲಿ ನೀವು ಏನು ಮಾಡಿದಿರಿ ಎಂದು ತಾಯಿಯನ್ನು ಕೇಳಿದಾಗ, ಏನೂ ಮಾಡಲಿಲ್ಲ, ಸುಮ್ಮನೆ ಮಲಗಿದ್ದೆ ಎಂದರು.

2022ರ ಜನವರಿಯಲ್ಲಿ ಯುಎಇ ವಾರಾಂತ್ಯವನ್ನು ಬದಲಿಸಿತು. ಶಾರ್ಜಾದಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ಮೂರು ದಿನ ರಜೆ. ಎಲ್ಲರೂ ಹಿಗ್ಗಿದರು. ಹೋಮ್ಸ್‌ನ ತಾಯಿಗೆ ಅದು ಮಗಳು ಮನೆಯಲ್ಲಿರುವ ಇನ್ನೊಂದು ದಿನ. ಗಂಡನಿಗೆ ದುಬೈಯ ಖಾಸಗಿ ಕಚೇರಿ, ಶುಕ್ರವಾರ ಕೆಲಸ ಇದ್ದೇ ಇತ್ತು. ಕೋವಿಡ್ ಕಾಲದಲ್ಲಿ, 2020ರ ಮಾರ್ಚಿನಿಂದ, ಕೇಂದ್ರ ಮುಚ್ಚಿ ಪಾಠ ಪರದೆಗೆ ಹೋದಾಗ ಇದೇ ತಾಯಂದಿರು ಶಿಕ್ಷಕಿಯ, ಚಿಕಿತ್ಸಕಿಯ, ದಾದಿಯ ಕೆಲಸವನ್ನೆಲ್ಲ ಒಬ್ಬರೇ ಹೊತ್ತದ್ದು ನಮಗೆ ಇನ್ನೂ ನೆನಪಿತ್ತು. ಹಾಗಾಗಿ ಶುಕ್ರವಾರದ ಬೆಳಿಗ್ಗೆ ಕೆಲವು ತಾಯಂದಿರು ಸರದಿಯ ಮೇಲೆ ಒಬ್ಬರ ಮನೆಯಲ್ಲಿ ಮಕ್ಕಳನ್ನು ಸೇರಿಸಿ ನೋಡಿಕೊಳ್ಳುವ ಏರ್ಪಾಡು ಮಾಡಿಕೊಂಡರು. ಇದು ನಮ್ಮ ಯೋಜನೆಯಲ್ಲ, ಅವರದೇ. ನಾವು ಮಾಡಿದ್ದು ಫಿಟ್ಸ್ ಬಂದರೆ ಏನು ಮಾಡಬೇಕೆಂದು ಅವರೆಲ್ಲರಿಗೂ ಕಲಿಸಿದ್ದಷ್ಟೇ.

ಸಂದರ್ಶನದ ಕೊನೆಯಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: ರಾತ್ರಿ ನಿದ್ದೆ ಬಾರದೆ ಮಲಗಿದಾಗ ಯಾವುದರ ಬಗ್ಗೆ ಚಿಂತಿಸುತ್ತೀರಿ? ಬಹುತೇಕ ಎಲ್ಲ ತಾಯಂದಿರೂ ತಮ್ಮ ನಂತರದ ದಿನಗಳನ್ನೇ ಹೇಳಿದರು. ಎಮಿರಾತಿ ಮನೆಗಳಲ್ಲಿ ಉತ್ತರ ಮೊದಲೇ ಗೊತ್ತಿರುತ್ತಿತ್ತು, ಅಕ್ಕನೋ ಅಣ್ಣನೋ ನೋಡಿಕೊಳ್ಳುತ್ತಾರೆ ಎಂದು. ಒಂದು ಮನೆಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ತಾಯಿ ಬಾಯಿ ತೆರೆಯುವ ಮೊದಲೇ ‘ನಾನು’ ಎಂದಳು, ಅದನ್ನು ಕೇಳಿ ಖುಷಿಪಡಬೇಕೋ ಬೇಡವೋ ನನಗೆ ಇಂದಿಗೂ ತಿಳಿಯದು. ವಲಸೆ ಬಂದವರಿಗೆ ಆ ಚಿಂತೆಯ ಜೊತೆಗೆ ವೀಸಾದ ಚಿಂತೆ. ಗಂಡನ ಉದ್ಯೋಗ ಹೋದರೆ ಇಡೀ ಕುಟುಂಬದ ವಾಸದ ಪರವಾನಗಿ ಹೋಗುತ್ತದೆ. ಮೊದಲು ಗಂಡುಮಕ್ಕಳಿಗೆ ಹದಿನೆಂಟಾದ ಮೇಲೆ ತಂದೆಯ ಪ್ರಾಯೋಜಕತ್ವದಲ್ಲಿ ಉಳಿಯುವುದು ಕಷ್ಟವಿತ್ತು. 2022ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ನಿಯಮಗಳು ಅಂಗವೈಕಲ್ಯವಿರುವ ಮಕ್ಕಳಿಗೆ ಈ ವಯಸ್ಸಿನ ಮಿತಿಯನ್ನು ತೆಗೆದವು. ಆ ಸುದ್ದಿಯನ್ನು ಸುಡಾನಿನ ತಾಯಿಯೊಬ್ಬರಿಗೆ ಫೋನಿನಲ್ಲಿ ಹೇಳಿದಾಗ, ಸರ್ಕಾರದ ಪುಟ ತೆರೆದು ಆ ಸಾಲನ್ನು ಅರಬಿಯಲ್ಲಿ ಓದಿ ಹೇ­ಳಿ ಎಂದು ಪಟ್ಟು ಹಿಡಿದರು. ನನ್ನ ಸಹೋದ್ಯೋಗಿ ಓದಿದರು. ಇನ್ನೊಮ್ಮೆ ಓದಿ ಎಂದರು.

ಆರು ತಿಂಗಳ ಬಳಿಕ ಎರಡನೇ ಸುತ್ತಿನಲ್ಲಿ ಅಳತೆಪಟ್ಟಿಯನ್ನು ಮತ್ತೆ ತುಂಬಿಸಿದೆವು. ಎಮಿರಾತಿ ತಾಯಿಯ ಅಂಕಗಳು ಇಳಿದಿದ್ದವು: ಎರಡು, ಮೂರು, ಕೆಲವು ಕಡೆ ಒಂದೂ. ಹಲ್ಲಿನ ಚಿಕಿತ್ಸೆ ಮುಗಿದಿತ್ತು, ಶುಕ್ರವಾರದ ಊಟಕ್ಕೆ ಮಗ ಕೂರುತ್ತಿದ್ದ, ಗೇಟಿಗೆ ಎತ್ತರದಲ್ಲಿ ಚಿಲಕ ಬಿದ್ದು ರಾತ್ರಿ ನಿದ್ದೆ ಬರುತ್ತಿತ್ತು. ಆದರೂ ಮೊದಲಿನ ಐದುಗಳು ಇರಲಿಲ್ಲ. ಇಷ್ಟು ಕೆಲಸ ಮಾಡಿ ತೃಪ್ತಿ ಕಡಿಮೆಯಾಯಿತೇ ಎಂದು ಆಡಳಿತದಿಂದ ಪ್ರಶ್ನೆ ಬಂತು. ಮೊದಲ ಸುತ್ತಿನ ಅಂಕಗಳನ್ನು ಹೋಲಿಕೆಗೆ ಬಳಸಬೇಡಿ, ಈ ಸುತ್ತಿನದ್ದೇ ಮೊದಲ ಅಳತೆ ಎಂದು ತಿಳಿಯಿರಿ ಎಂದು ನನ್ನ ಸಹೋದ್ಯೋಗಿ ವರದಿಯಲ್ಲಿ ಬರೆದರು. ಅದನ್ನು ಒಪ್ಪಿಸಲು ಎರಡು ಸಭೆ ಬೇಕಾದವು.

ಹೋಮ್ಸ್‌ನ ತಾಯಿಯ ಎರಡನೇ ಪಟ್ಟಿಯಲ್ಲಿ ಮಗಳ ಗುರಿಗಳ ಮೇಲೆ ಹೊಸದೊಂದು ಸೇರಿತ್ತು: ಇಲ್ಲಿ ಔಷಧ ವಿತರಣೆಯ ಪರವಾನಗಿ ಪಡೆಯುವ ಪರೀಕ್ಷೆ ಬರೆಯುವುದು. ಬಸ್ಸು ಮಗಳನ್ನು ಕರೆದುಕೊಂಡು ಹೋಗಿ ವಾಪಸು ತರುವವರೆಗಿನ ಹೊತ್ತನ್ನು ಲೆಕ್ಕ ಹಾಕಿ ಓದಿನ ವೇಳಾಪಟ್ಟಿ ಮಾಡಿಕೊಂಡಿದ್ದರು. ಮುಂದಿನ ಭೇಟಿಗೆ ದಿನ ಗೊತ್ತುಮಾಡಲು ನಾವು ಎಂದಿನಂತೆ ಬೆಳಿಗ್ಗೆ ಹತ್ತು ಗಂಟೆ ಎಂದೆವು. ಬೆಳಿಗ್ಗೆ ಆಗುವುದಿಲ್ಲ, ಓದುವುದಿದೆ, ಸಂಜೆ ಐದರ ಮೇಲೆ ಬನ್ನಿ ಎಂದರು.